ರತ್ನಗಂಬಳಿಯ ಹಿಂಬದಿ

ಮನುಷ್ಯನಿಗೆ ಹಿಡಿಯುವ ಹುಚ್ಚು ಒಂದೇ ಬಗೆಯದಲ್ಲ. ಕೆಲವರಿಗೆ ಅಂಚೆಚೀಟಿಯ ಹುಚ್ಚು, ಕೆಲವರಿಗೆ ಹಳೆಯ ನಾಣ್ಯದ ಹುಚ್ಚು, ಇನ್ನು ಕೆಲವರಿಗೆ ನೆರೆಮನೆಯ ಸುದ್ದಿಯ ಹುಚ್ಚು. ನಮಗೆ ಹಿಡಿದಿರುವುದು ರತ್ನಗಂಬಳಿಯ ಹುಚ್ಚು. ಇದನ್ನು ಕೇಳಿದೊಡನೆ ವಾಚಕರು ನಮ್ಮನ್ನು ಜಹಗೀರದಾರರ ವಂಶದವರೆಂದೋ, ಮೇಜಿನ ಕೆಳಗೆ ಕೈಚಾಚುವ ಗುಮಾಸ್ತರೆಂದೋ ತಿಳಿದುಬಿಡಬಾರದು. ನಮ್ಮ ಮನೆಯಲ್ಲಿ ಅಂಗೈಯಗಲದ ಪರ್ಶಿಯನ್ ಗಂಬಳಿಯೂ ಇಲ್ಲ. ಇರುವುದೆಲ್ಲ ಪುಸ್ತಕಗಳು, ಪುಸ್ತಕಗಳ ತುಂಬ ಬಣ್ಣದ ಚಿತ್ರಗಳು. ತಬ್ರೀಜು, ಕಾಶಾನು, ಇಸ್ಫಹಾನು, ಕಿರ್ಮಾನು ಎಲ್ಲವೂ ನಮ್ಮ ಕಪಾಟಿನಲ್ಲಿ ಒಂದರ ಮೇಲೊಂದು ಒರಗಿ ನಿಂತಿವೆ. ಅವನ್ನು ಝಾಡಿಸುವ ಕೆಲಸವಿಲ್ಲ, ಬಿಸಿಲಿಗೆ ಹಾಕುವ ಕೆಲಸವಿಲ್ಲ. ನುಸಿ ಹಿಡಿದರೂ ಉಣ್ಣೆಯ ನುಸಿಯಲ್ಲ, ಕಾಗದದ ನುಸಿ.

ಹುಚ್ಚಿನ ಮಾತು ಬಂದದ್ದರಿಂದ ನಮ್ಮ ಊರಿನ ಮಾತನ್ನೂ ಹೇಳಿಬಿಡುವುದು ಒಳ್ಳೆಯದು. ನಾವಿರುವುದು ದೇವಳಾಲಿ ಕ್ಯಾಂಪಿನಲ್ಲಿ. ಬ್ರಿಟಿಷರ ಕಾಲದಲ್ಲಿ ಸೇವೆ ಮುಗಿಸಿದ ಗೋರಾ ಸಿಪಾಯಿಗಳು ತಮ್ಮ ದೇಶದ ಹಡಗಿಗಾಗಿ ಇಲ್ಲಿ ತಿಂಗಳುಗಟ್ಟಲೆ ಕಾಯುತ್ತ ಕೂಡಬೇಕಾಗುತ್ತಿತ್ತು. ಬಿಸಿಲು, ಜ್ವರ, ಕೆಲಸವಿಲ್ಲದ ಬೇಸರ ಎಲ್ಲ ಸೇರಿ ಕೆಲವರಿಗೆ ತಲೆ ಕೆಡುತ್ತಿತ್ತು. ಅದರಿಂದ ಇಂಗ್ಲಿಷ್ ಭಾಷೆಯಲ್ಲಿ ‘ದೂಲಾಲಿ’ ಎಂದರೆ ತಲೆಕೆಟ್ಟವನು ಎಂಬ ಅರ್ಥವೇ ನಿಂತಿತು. ಅಂಥ ಊರಿನಲ್ಲಿದ್ದುಕೊಂಡು ಸಂಬಳದ ಹಣದಲ್ಲಿ ಗಂಬಳಿಯ ಚಿತ್ರ ಕೊಳ್ಳುವವರಿಗೆ ವಿಶೇಷ ವಿವರಣೆ ಬೇಕಾಗಿಲ್ಲ.

ಹುಚ್ಚು ಹತ್ತಿದ್ದು ಒಂದು ರದ್ದಿ ಅಂಗಡಿಯಲ್ಲಿ. ಕ್ಯಾಂಪಿನ ಹಳೆಯ ಬಂಗಲೆಗಳು ಕೈಬದಲಾಗುವಾಗ, ಹವಾ ಬದಲಾವಣೆಗೆಂದು ಮುಂಬಯಿಯವರು ಕಟ್ಟಿಸಿದ್ದ ಮನೆಗಳು ತೆರವಾಗುವಾಗ, ಅಲ್ಲಿಯ ಪುಸ್ತಕಗಳು ತಕ್ಕಡಿಗೆ ಬರುತ್ತವೆ. ಹಾಗೆ ಬಂದ ಒಂದು ದಪ್ಪ ಪುಸ್ತಕ ನಮ್ಮ ಕೈಗೆ ಸಿಕ್ಕಿತು. ವಾಲ್ಟರ್ ಹಾಲಿ ಎಂಬ ಅಮೆರಿಕದ ಮಹಾಶಯರು ೧೯೧೩ರಲ್ಲಿ ಬರೆದ ‘ಓರಿಯೆಂಟಲ್ ರಗ್ಸ್’. ತೂಕಕ್ಕೆ ತೊಂಬತ್ತು ರೂಪಾಯಿ ಆಯಿತು. ಅದನ್ನು ಬಿಡಿಸಿದಾಗ ನಮಗೆ ಮೊದಲು ಹಿಡಿಸಿದ್ದು ಬಣ್ಣದ ಚಿತ್ರಗಳೂ ಅಲ್ಲ. ಒಂದೊಂದು ಜಾತಿಯ ಗಂಬಳಿಯ ವರ್ಣನೆ ಮುಗಿದ ಮೇಲೆ ಹಾಲಿಯವರು ಅದರ ಲಕ್ಷಣಗಳನ್ನು ಕ್ರಮವಾಗಿ ಪಟ್ಟಿ ಮಾಡಿದ್ದಾರೆ: ಬಣ್ಣ ಯಾವುದು, ಗಂಟು ಯಾವ ಬಗೆಯದು, ಹಾಸು ಯಾವುದರದು, ಹೊಕ್ಕು ಯಾವುದರದು, ಅಂಚು ಹೇಗೆ, ತುದಿ ಹೇಗೆ. ನಮ್ಮ ಕಚೇರಿಯ ನಮೂನೆಯನ್ನೇ ಯಾರೋ ಭರ್ತಿ ಮಾಡಿ ಇಟ್ಟಂತೆ! ಹಗಲೆಲ್ಲ ನಮೂನೆ ತುಂಬುವವರಿಗೆ ಇದಕ್ಕಿಂತ ಹಿತವಾದ ಓದು ಬೇರೆ ಯಾವುದಿದ್ದೀತು?

ಆ ನಮೂನೆಯನ್ನು ಹಿಡಿದುಕೊಂಡೇ ನಾವು ಪಾಠ ಕಲಿತೆವು. ನೇಯ್ಗೆಯಲ್ಲಿ ಉದ್ದಕ್ಕೆ ಎಳೆದ ನೂಲು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಇದು ಕನ್ನಡಿಗರಿಗೆ ಹೇಳಿಕೊಡಬೇಕಾದ ಮಾತಲ್ಲ. ಯಾವುದು ಎಲ್ಲೆಲ್ಲಿಯೂ ಬೆರೆತಿದೆಯೋ ಅದನ್ನು ‘ಹಾಸುಹೊಕ್ಕು’ ಎಂದೇ ನಾವು ಹೇಳುತ್ತೇವೆ. ರತ್ನಗಂಬಳಿಯಲ್ಲಿ ಇವೆರಡರ ಜೊತೆಗೆ ಮೂರನೆಯದೊಂದುಂಟು: ಗಂಟು. ಹಾಸಿನ ಎರಡೆರಡು ಎಳೆಗಳಿಗೆ ಬಣ್ಣದ ಉಣ್ಣೆಯ ತುಣುಕನ್ನು ಸುತ್ತಿ, ಎರಡು ತುದಿಗಳನ್ನು ಮೇಲಕ್ಕೆ ತೆಗೆದು ಕತ್ತರಿಸುತ್ತಾರೆ. ಹೀಗೆ ಒಂದು ಸಾಲು ಗಂಟು ಕಟ್ಟಿ, ಹೊಕ್ಕನ್ನು ಹಾಯಿಸಿ, ಹಣಿಗೆಯಿಂದ ಬಡಿದು ಕೂಡಿಸಿ, ಮತ್ತೆ ಇನ್ನೊಂದು ಸಾಲು. ಕಾಲಿಗೆ ಮೆತ್ತಗೆ ತಾಗುವುದು ಈ ಕತ್ತರಿಸಿದ ತುದಿಗಳು. ಉಣ್ಣೆಯು ಎರಡೂ ಎಳೆಗಳನ್ನು ಬಳಸಿ ನಡುವಿನಿಂದ ಮೇಲೆ ಬಂದರೆ ಅದು ತುರ್ಕಿ ಗಂಟು. ಒಂದನ್ನು ಪೂರ್ತಿ ಸುತ್ತಿ ಇನ್ನೊಂದರ ಹಿಂದಿನಿಂದ ಹಾದುಬಂದರೆ ಪರ್ಶಿಯನ್ ಗಂಟು. ಈ ಎರಡನೆಯದಕ್ಕೆ ಹಳೆಯ ಪುಸ್ತಕಗಳು ಸೆನ್ನೆ ಎಂಬ ಊರಿನ ಹೆಸರು ಕೊಟ್ಟಿವೆ. ಸೋಜಿಗವೆಂದರೆ, ಸೆನ್ನೆ ಊರಿನವರು ಕಟ್ಟುವುದು ತುರ್ಕಿ ಗಂಟನ್ನು! ಕೆಂಪು ನೆಲದ ಮೇಲೆ ಎಂಟು ಮೂಲೆಯ ಹೂಗಳ ಸಾಲಿರುವ ಗಂಬಳಿಗೆ ಪೇಟೆಯಲ್ಲಿ ‘ಬುಖಾರಾ’ ಎನ್ನುತ್ತಾರೆ. ಅದನ್ನು ನೇಯುತ್ತಿದ್ದವರು ತುರ್ಕಮನ್ ಜನ. ಬುಖಾರಾ ಅದು ಮಾರಾಟವಾಗುತ್ತಿದ್ದ ಪೇಟೆ. ಹತ್ತೂರಿನ ಹೊಲದ ಮೆಣಸಿನಕಾಯಿ ಒಂದು ಪೇಟೆಗೆ ಬಂದು ‘ಬ್ಯಾಡಗಿ’ ಎನಿಸಿಕೊಳ್ಳುವಂತೆ ಇದು. ಕಚೇರಿಯಲ್ಲಿ ಕಡತದ ಮೇಲಿನ ಹೆಸರೇ ಬೇರೆ, ಒಳಗಿನ ವಿಷಯವೇ ಬೇರೆ ಆಗಿರುವುದನ್ನು ಕಂಡ ನಮಗೆ ಇದೆಲ್ಲ ಮನೆಯ ಮಾತಿನಂತೆ ಕೇಳಿಸಿತು.

‘ಗಂಬಳಿಯನ್ನು ಕಾಣದೆ ಬರಿಯ ಚಿತ್ರ ನೋಡಿ ಕಲಿಯುವ ವಿದ್ಯೆ ಎಂಥದು?’ ಎಂದು ಗೆಳೆಯರು ನಗುವುದುಂಟು. ಅವರಿಗೆ ನಮ್ಮ ಉತ್ತರ ಸಿದ್ಧವಾಗಿದೆ. ಈ ಶಾಸ್ತ್ರ ಹುಟ್ಟಿದ್ದೇ ಚಿತ್ರಗಳಿಂದ. ಜೂಲಿಯಸ್ ಲೆಸ್ಸಿಂಗ್ ಎಂಬ ಜರ್ಮನ್ ಪಂಡಿತರು ೧೮೭೭ರಲ್ಲಿ ಪೂರ್ವದೇಶದ ಗಂಬಳಿಗಳ ಮೇಲೆ ಒಂದು ಗ್ರಂಥ ಪ್ರಕಟಿಸಿದರು. ಹಳೆಯ ಗಂಬಳಿಗಳು ಹೆಚ್ಚಾಗಿ ಸವೆದು ಹೋಗಿದ್ದವು. ಆದರೆ ಯುರೋಪಿನ ಹಳೆಯ ವರ್ಣಚಿತ್ರಗಳಲ್ಲಿ ಅವು ಹೊಚ್ಚ ಹೊಸದಾಗಿ ಉಳಿದಿದ್ದವು. ಶ್ರೀಮಂತರು ಗಂಬಳಿಯನ್ನು ನೆಲಕ್ಕೆ ಹಾಸದೆ ಮೇಜಿನ ಮೇಲೆ ಹೊದಿಸಿ, ಅದರ ಪಕ್ಕದಲ್ಲಿ ನಿಂತು ತಮ್ಮ ಚಿತ್ರ ಬರೆಸಿಕೊಳ್ಳುತ್ತಿದ್ದರು. ಹಾನ್ಸ್ ಹೋಲ್ಬೈನ್ ೧೫೩೩ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರದಲ್ಲಿ ಅಂಥ ಗಂಬಳಿ ಇದೆ. ಚಿತ್ರದ ವರ್ಷ ಗೊತ್ತಿದ್ದರೆ ಗಂಬಳಿ ಅದಕ್ಕಿಂತ ಹಿಂದಿನದೆಂದು ಗೊತ್ತಾಯಿತು. ನೇಯ್ದ ತುರ್ಕಿ ಹೆಂಗಸರ ಹೆಸರು ಯಾರಿಗೂ ತಿಳಿಯದ್ದರಿಂದ ಆ ಜಾತಿಗೆ ‘ಹೋಲ್ಬೈನ್ ಗಂಬಳಿ’ ಎಂದು ಚಿತ್ರಕಾರನ ಹೆಸರೇ ನಿಂತುಹೋಯಿತು.

ಚಿತ್ರಗಳ ಜೊತೆ ಬರುವ ಕಥೆಗಳಾದರೂ ಎಂಥವು! ಸೈಬೀರಿಯದ ಅಲ್ತಾಯ್ ಬೆಟ್ಟಗಳಲ್ಲಿ ಪಾಜಿರಿಕ್ ಎಂಬ ಕಡೆ ಒಬ್ಬ ನಾಯಕನ ಸಮಾಧಿ. ಕಳ್ಳರು ಅದಕ್ಕೆ ಕನ್ನ ಕೊರೆದು ಚಿನ್ನ ಹೊತ್ತುಕೊಂಡು ಹೋದರು. ಕನ್ನದಿಂದ ಒಳಗೆ ಇಳಿದ ನೀರು ಹೆಪ್ಪುಗಟ್ಟಿ, ಅವರು ಬಿಟ್ಟುಹೋದದ್ದನ್ನೆಲ್ಲ ಕಾಪಾಡಿತು. ೧೯೪೯ರಲ್ಲಿ ರುಡೆಂಕೊ ಎಂಬ ರಷ್ಯನ್ ವಿದ್ವಾಂಸರು ಆ ಮಂಜುಗಡ್ಡೆಯನ್ನು ಕರಗಿಸಿದಾಗ ಹೆಚ್ಚುಕಡಿಮೆ ಎರಡು ಮೀಟರ್ ಚೌಕದ ಗಂಬಳಿಯೊಂದು ಹೊರಬಂತು. ಅಂಚಿನಲ್ಲಿ ಕುದುರೆ ಸವಾರರು, ಅದರ ಒಳಗೆ ಜಿಂಕೆಗಳ ಸಾಲು. ವಯಸ್ಸು ಎರಡು ಸಾವಿರ ವರ್ಷಗಳಿಗೂ ಬಹಳ ಮೇಲು. ಕಳ್ಳರು ಗಂಬಳಿಯ ಬೆಲೆ ಅರಿಯದವರಾದದ್ದು ಲೋಕದ ಪುಣ್ಯ.

ಅರ್ದಬಿಲ್ ಗಂಬಳಿಯ ಚಿತ್ರ ನಮ್ಮ ನಾಲ್ಕು ಪುಸ್ತಕಗಳಲ್ಲಿದೆ. ನೇಯ್ಗೆಯೊಳಗೇ ಹಿಜರಿ ೯೪೬ ಎಂಬ ವರ್ಷ ಇದೆ, ಅಂದರೆ ಕ್ರಿ.ಶ. ೧೫೩೯–೪೦. ಲಂಡನ್ನಿನ ಮ್ಯೂಸಿಯಮ್ಮಿನವರು ವಿಲಿಯಂ ಮಾರಿಸ್ ಅವರ ಸಲಹೆಯಂತೆ ೧೮೯೩ರಲ್ಲಿ ಇದನ್ನು ಎರಡು ಸಾವಿರ ಪೌಂಡಿಗೆ ಕೊಂಡರು. ಇದರ ಜೋಡಿ ಗಂಬಳಿಯೊಂದಿತ್ತು. ಇದರ ಹರುಕು ತುಂಬಲು ಅದನ್ನು ಕತ್ತರಿಸಿದರು. ಅಂಚು ಕಳೆದುಕೊಂಡ ಆ ತಮ್ಮ ಈಗ ಲಾಸ್ ಏಂಜಲೀಸಿನಲ್ಲಿದ್ದಾನೆ. ಪುಸ್ತಕದಲ್ಲಿ ಈ ಮಹಾಗಂಬಳಿಯೂ ಒಬ್ಬರೇ ಕೂತು ನಮಾಜು ಮಾಡುವ ಪುಟ್ಟ ಹಾಸೂ ಒಂದೇ ಅಳತೆಯ ಪುಟದಲ್ಲಿ ಕೂತಿರುತ್ತವೆ. ಇದು ಸರಿಯಲ್ಲವೆಂದು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು, ಟೇಪೂ ರಂಗೋಲಿ ಪುಡಿಯೂ ಹಿಡಿದು, ಗಣಪತಿಯ ಮಂಟಪ ಹಾಕುವ ಬಯಲಿಗೆ ಹೋದೆವು. ಉದ್ದ ಹತ್ತೂವರೆ ಮೀಟರ್, ಅಗಲ ಐದು ಮೀಟರಿಗೂ ಮೇಲೆ. ಗೆರೆ ಎಳೆದು ನೋಡಿದರೆ ನಮ್ಮ ಕ್ವಾರ್ಟರ್ಸು ಅಡಿಗೆಮನೆ ಸಮೇತವಾಗಿ ಅದರೊಳಗೆ ಕೂತು ಇನ್ನೂ ತುಳಸಿಕಟ್ಟೆಗೆ ಜಾಗ ಮಿಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ನೆರೆಯವರು ನಿಂತು, ‘ಕಾಯ್ ಸಾಹೇಬ್, ಕಬಡ್ಡೀಚಂ ಮೈದಾನ ಕಾ?’ ಎಂದು ಕೇಳಿದರು. ಮಕ್ಕಳು ಕೂಡಲೇ ಅದನ್ನು ಕಬಡ್ಡಿಯ ಅಂಗಳವನ್ನಾಗಿ ಮಾಡಿಕೊಂಡರು. ರಾಜರ ಕಾಲಡಿಯ ವಸ್ತು ಮಕ್ಕಳ ಕಾಲಡಿಗೆ ಬಂತು, ನಷ್ಟವೇನೂ ಆಗಲಿಲ್ಲ.

ಹೀಗೆ ನಮ್ಮ ಪುಸ್ತಕಗಳು ಇಪ್ಪತ್ತಮೂರಾದವು. ಆದರೆ ಈ ವಿದ್ಯೆಯಲ್ಲಿ ನಮಗೆ ದೊಡ್ಡ ಪಾಠ ಕಲಿಸಿದವರು ಹಾಲಿಯೂ ಅಲ್ಲ, ಲೆಸ್ಸಿಂಗೂ ಅಲ್ಲ, ನಮ್ಮ ಮನೆಯವರು. ಅವರ ತವರು ಧಾರವಾಡ. ಕೈಯಲ್ಲಿ ಕಸೂತಿ ಇದೆ. ಕಸೂತಿಯ ಗವಂತಿ, ಮುರಗಿ ಹೊಲಿಗೆಗಳಲ್ಲಿ ಎಳೆ ಎಣಿಸಿ ಸೂಜಿ ಹಾಕಬೇಕು, ಗಂಟು ಹಾಕಕೂಡದು. ಮುಂದೆ ಕಂಡ ಗೋಪುರ ಹಿಂದೆಯೂ ಹಾಗೆಯೇ ಕಾಣಬೇಕು. ನಾವೊಂದು ರಾತ್ರಿ ಕಿರ್ಮಾನಿನ ಚಿತ್ರವೊಂದನ್ನು ಬಹಳ ಉತ್ಸಾಹದಿಂದ ತೋರಿಸಿದೆವು. ಅವರು ಸೂಜಿ ನಿಲ್ಲಿಸಿ ನೋಡಿದರು. ಆಮೇಲೆ ಪುಟವನ್ನು ತಿರುವಿದರು. ಆ ಕಡೆ ಬೇರೊಂದು ಗಂಬಳಿಯ ಚಿತ್ರವಿತ್ತು.

‘ಮುಂದಿಂದು ನೋಡಿದ್ವಿ. ಇದು ಹಿಂದ ಹ್ಯಾಂಗದ?’ ಎಂದರು.

ಹಿಂದೆ ಹೇಗಿದೆಯೆಂದು ಪುಸ್ತಕದಲ್ಲಿ ಇರಲಿಲ್ಲ. ಇಪ್ಪತ್ತಮೂರು ಪುಸ್ತಕಗಳಲ್ಲಿಯೂ ಹಿಂಬದಿಯ ಚಿತ್ರಗಳನ್ನು ಕೈಬೆರಳಿನಲ್ಲಿ ಎಣಿಸಬಹುದು. ಆದರೆ ಗಂಬಳಿಯನ್ನು ಬಲ್ಲವರೆಲ್ಲ ಮೊದಲು ಮಾಡುವ ಕೆಲಸವೇ ಅದರ ಮೂಲೆ ಹಿಡಿದು ಮಗುಚುವುದು. ಮುಂಬದಿ ಬಣ್ಣ ತೋರಿಸುತ್ತದೆ. ಹಿಂಬದಿ ಸತ್ಯ ಹೇಳುತ್ತದೆ. ಒಂದೊಂದು ಗಂಟೂ ಅಲ್ಲಿ ಸಾಸಿವೆ ಕಾಳಿನಂತೆ ಬಿಡಿಯಾಗಿ ಕಾಣುತ್ತದೆ. ಅಲ್ಲಿ ಅಂಗುಲಕ್ಕೆ ಎಷ್ಟೆಂದು ಎಣಿಸಬಹುದು. ಎರಡು ಎಳೆಗೆ ಕಟ್ಟಬೇಕಾದ ಗಂಟನ್ನು ನಾಲ್ಕು ಎಳೆಗೆ ಕಟ್ಟಿ ಅರ್ಧ ಕೆಲಸ ಉಳಿಸುವ ‘ಜುಫ್ತಿ’ ಎಂಬ ಯುಕ್ತಿ ಅಲ್ಲಿ ಸಿಕ್ಕಿಬೀಳುತ್ತದೆ. ಕೈಗಂಬಳಿಯ ಕುಚ್ಚು ಎಂದರೆ ಹಾಸಿನ ಎಳೆಗಳೇ ಹೊರಗೆ ಮುಂದುವರಿದದ್ದು. ಯಂತ್ರದ ಗಂಬಳಿಗೆ ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿರುವುದುಂಟು. ಇದೂ ಮಗುಚಿದರೆ ತಿಳಿಯುತ್ತದೆ. ಇನ್ನು ಕೆಲವು ಸಂಗತಿಗಳು ಬೆರಳಿಗೆ ಮಾತ್ರ ತಿಳಿಯುವಂಥವು. ಹಳೆಯ ಕಾಲದಲ್ಲಿ ಕಪ್ಪು ಬಣ್ಣಕ್ಕೆ ಕಬ್ಬಿಣದ ಅಂಶ ಸೇರಿಸುತ್ತಿದ್ದರು. ಅದು ಕಾಲಕ್ರಮದಲ್ಲಿ ಉಣ್ಣೆಯನ್ನು ತಿನ್ನುತ್ತದೆ. ಆದ್ದರಿಂದ ಹಳೆಯ ಗಂಬಳಿಯಲ್ಲಿ ಕಪ್ಪಿನ ಭಾಗ ತಗ್ಗಿ, ಕೆಂಪು ನೀಲಿಗಳು ಉಬ್ಬಿ ನಿಂತಿರುತ್ತವೆ. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ, ನಮ್ಮ ದೇಶದ ಗಂಬಳಿಗಳಲ್ಲಿ ಅರಗಿನ ಕೆಂಪು ಇವನ್ನೆಲ್ಲ ಮುದ್ರಣದ ಶಾಯಿ ತನಗೆ ತೋಚಿದಂತೆ ತೋರಿಸುತ್ತದೆ. ಒಂದೇ ಗಂಬಳಿ ಒಂದು ಪುಸ್ತಕದಲ್ಲಿ ಇಟ್ಟಿಗೆಯ ಬಣ್ಣ, ಇನ್ನೊಂದರಲ್ಲಿ ದಾಳಿಂಬೆಯ ಬಣ್ಣ.

ಹಿಂಬದಿಯನ್ನು ನೋಡಿದವರು ಲೆಕ್ಕ ಹಾಕದೆ ಇರಲಾರರು. ಆರಡಿ ಉದ್ದ ನಾಲ್ಕಡಿ ಅಗಲದ ಸಾಧಾರಣ ಗಂಬಳಿ, ಚದರ ಅಂಗುಲಕ್ಕೆ ನೂರು ಗಂಟು ಎಂದುಕೊಳ್ಳಿ. ಒಟ್ಟು ೩,೪೫,೬೦೦ ಗಂಟು. ನುರಿತ ಕೈ ದಿನಕ್ಕೆ ಎಂಟು ಸಾವಿರ ಕಟ್ಟಿದರೂ ನಲವತ್ತಮೂರು ದಿನ. ಅರ್ದಬಿಲ್ಲಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಗಂಟುಗಳಿವೆ. ಈ ಗಂಟುಗಳನ್ನು ಕಟ್ಟಿದವರು ಯಾರು? ವಿಂಡ್ಸರ್ ಅರಮನೆಯ ವಾಟರ್ಲೂ ಚೇಂಬರಿನಲ್ಲಿ ಎರಡು ಟನ್ನು ತೂಗುವ ಒಂದು ಗಂಬಳಿ ಇದೆ. ೧೯೯೨ರಲ್ಲಿ ಅರಮನೆಗೆ ಬೆಂಕಿ ಬಿದ್ದಾಗ ಅದನ್ನು ಸುತ್ತಿ ಹೊರಗೆ ಸಾಗಿಸಲು ಐವತ್ತು ಸೈನಿಕರು ಬೇಕಾದರು. ಅದನ್ನು ವಿಕ್ಟೋರಿಯಾ ರಾಣಿಗಾಗಿ ನೇಯ್ದವರು ಆಗ್ರಾ ಜೈಲಿನ ಕೈದಿಗಳು. ಬ್ರಿಟಿಷರ ಕಾಲದಲ್ಲಿ ಲಾಹೋರ್, ಆಗ್ರಾ, ಪುಣೆಯ ಯರವಡಾ ಮೊದಲಾದ ಜೈಲುಗಳಲ್ಲಿ ಗಂಬಳಿಯ ಮಗ್ಗಗಳಿದ್ದವು. ಜೈಲಿನ ಅಗ್ಗದ ಮಾಲು ಊರಿನ ನೇಕಾರರ ಅನ್ನ ಕಸಿಯುತ್ತದೆ, ಕಲೆಯನ್ನೂ ಕೆಡಿಸುತ್ತದೆ ಎಂದು ಜಾರ್ಜ್ ಬರ್ಡ್‌ವುಡ್ ೧೮೮೦ರಷ್ಟು ಹಿಂದೆಯೇ ತಮ್ಮ ಗ್ರಂಥದಲ್ಲಿ ಆಕ್ಷೇಪಿಸಿದ್ದರು. ಇನ್ನು ಮಿರ್ಜಾಪುರ, ಭದೋಹಿ ಕಡೆಯ ಮಗ್ಗಗಳಲ್ಲಿ ಎಳೆಯ ಮಕ್ಕಳನ್ನು ಕೂಡಿಸುತ್ತಿದ್ದ ಸಂಗತಿ ೧೯೮೦ರ ದಶಕದಲ್ಲಿ ಲೋಕದ ಮುಂದೆ ಬಂತು. ಮಕ್ಕಳ ಬೆವರಿಲ್ಲದ ಗಂಬಳಿಗೆ ಚೀಟಿ ಅಂಟಿಸುವ ‘ರಗ್‌ಮಾರ್ಕ್’ ವ್ಯವಸ್ಥೆ ೧೯೯೦ರ ದಶಕದಲ್ಲಿ ಹುಟ್ಟಿಕೊಂಡಿತು. ಆ ಚೀಟಿಯ ಸ್ಥಳವೂ ಹಿಂಬದಿಯೇ.

ಅಂದಿನಿಂದ ನಮಗೆ ಮಗುಚುವ ಚಾಳಿ ಹತ್ತಿತು. ಛತ್ರಪತಿ ಸಂಭಾಜಿನಗರಕ್ಕೆ ಹೋದಾಗ ಹಿಮ್ರೂ ಶಾಲನ್ನು ಮಗುಚಿದೆವು. ಮುಂದೆ ನುಣುಪಾದ ಹೂಬಳ್ಳಿ. ಹಿಂದೆ ಒಂದು ಹೂವಿನಿಂದ ಇನ್ನೊಂದು ಹೂವಿಗೆ ಜೋಲುವ ಸಡಿಲ ಎಳೆಗಳು. ನಮ್ಮ ನಾಶಿಕ ಜಿಲ್ಲೆಯ ಯೇವಲೆಯಲ್ಲಿ ಪೈಠಣಿಯ ಸೆರಗನ್ನು ಮಗುಚಿದೆವು. ಅಲ್ಲಿ ನವಿಲು ಎರಡು ಕಡೆಯೂ ನವಿಲೇ. ನಮ್ಮ ಮನೆಯವರು, ‘ಇದು ಕಸೂತಿ ಕುಲದ್ದು’ ಎಂದು ತೀರ್ಪು ಕೊಟ್ಟರು.

ಇಷ್ಟರಲ್ಲಿ ಕಚೇರಿಯಿಂದ ನಮಗೆ ಒಂದಿಷ್ಟು ಬಾಕಿ ವೇತನ ಬಂತು. ಮೊದಲ ಸಲ ಚಿತ್ರವಲ್ಲದ ಗಂಬಳಿಯೊಂದನ್ನು ಕೊಳ್ಳುವ ಮಾತು ಮನೆಯಲ್ಲಿ ಎದ್ದಿತು. ನಾಶಿಕದ ಒಂದು ಅಂಗಡಿಗೆ ಹೋದೆವು. ಕಾಶ್ಮೀರದ ಕೈಗಂಬಳಿ, ಆರಡಿಗೆ ನಾಲ್ಕಡಿ, ಐವತ್ತೈದು ಸಾವಿರ ರೂಪಾಯಿ. ಮಗುಚಿದೆವು, ಎಣಿಸಿದೆವು, ಗಂಟು ಖರೆ, ಕುಚ್ಚು ಖರೆ. ಹಣವೂ ಕೈಯಲ್ಲಿತ್ತು. ನಮ್ಮ ಮನೆಯವರು ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿದರು: ‘ಇದನ್ನ ನೇಯ್ದವರು ಯಾರು?’ ಅವರು ಊರಿನ ಹೆಸರು ಹೇಳಿದರು, ಕಂಪನಿಯ ಹೆಸರು ಹೇಳಿದರು. ‘ಅದಲ್ಲರೀ, ಯಾರ ಕೈ?’ ಎಂದರೆ ಅವರು ಏನು ಹೇಳಿಯಾರು? ಹೊರಗೆ ಬಂದ ಮೇಲೆ ನಮ್ಮ ಮನೆಯವರು, ‘ನಲವತ್ತಮೂರು ದಿನಾ ಯಾರೋ ಕೂತಾರ. ಯಾರು ಅಂತ ಗೊತ್ತಿಲ್ಲದ ಅದರ ಮ್ಯಾಲೆ ಹ್ಯಾಂಗ ಕಾಲಿಡೋದು? ಯಾರ ಕೈ ಅಂತ ಗೊತ್ತಿರೋದನ್ನ ಕೊಳ್ಳೋಣು’ ಎಂದರು. ಅವರ ಮನಸ್ಸಿನಲ್ಲಿದ್ದದ್ದು ನವಲಗುಂದ.

ನವಲಗುಂದದ ಜಮಖಾನೆಯನ್ನು ಧಾರವಾಡದ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೆಣ್ಣು ನೋಡಲು ಬಂದವರಿಗೆ ಹಾಸುವುದು ಅದು, ಸತ್ಯನಾರಾಯಣ ಪೂಜೆಗೆ ಬಂದವರಿಗೆ ಹಾಸುವುದು ಅದು. ನಾವೂ ಅದರ ಮೇಲೆ ಕೂತೇ ಅವಲಕ್ಕಿ ತಿಂದು, ತಲೆಯೆತ್ತದೆ, ಅದರ ನವಿಲುಗಳನ್ನು ಎಣಿಸುತ್ತ ವರರಾದೆವು. ಇಷ್ಟಾದರೂ ನಮ್ಮ ಇಪ್ಪತ್ತಮೂರು ಪುಸ್ತಕಗಳಲ್ಲಿ ಎಲ್ಲಿಯೂ ನವಲಗುಂದದ ಹೆಸರಿಲ್ಲ. ಅದರಲ್ಲಿ ಗಂಟಿಲ್ಲ, ತುಪ್ಪಳಿಲ್ಲ. ಹತ್ತಿಯ ಹಾಸು, ಹತ್ತಿಯ ಹೊಕ್ಕು. ಆದ್ದರಿಂದ ಅದು ಕೆಳಜಾತಿಯ ಹಾಸೆಂದು ಪಂಡಿತರು ಹೊರಗೆ ಕೂಡಿಸಿರಬೇಕು.

ರಜೆ ಹಾಕಿ ಸೋಲಾಪುರದ ಮೇಲೆ ಹೊರಟೆವು. ಆ ರಸ್ತೆಯಲ್ಲಿ ಮೊದಲು ಸಿಗುವುದು ವಿಜಯಪುರ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ೧೮೯೨ರಿಂದ ಇರುವ ಮ್ಯೂಸಿಯಮ್ಮಿನಲ್ಲಿ, ಆಸಾರ್ ಮಹಲಿನಿಂದ ತಂದ ಹದಿನೇಳನೆಯ ಶತಮಾನದ ಗಂಬಳಿಗಳಿವೆ. ಆದಿಲಶಾಹಿಯ ಕಾಲದವು. ನಾವು ಕಣ್ಣಾರೆ ಕಂಡ ಮೊದಲ ಪುರಾತನ ಗಂಬಳಿಗಳು ಅವೇ. ಹುಡಿಹುಡಿಯಾದ ಕೆಂಪಿನ ನಡುವೆ ಇನ್ನೂ ಹೂ ಬಿಟ್ಟುಕೊಂಡು ನಿಂತ ಆ ಹಾಸುಗಳ ಮುಂದೆ ನಾವು ಕಚೇರಿಯಲ್ಲಿಯೂ ನಿಲ್ಲದಷ್ಟು ಹೊತ್ತು ನಿಂತೆವು. ದಖ್ಖನಿನ ಗಂಬಳಿಗಳು ಬಹು ದೂರ ಹೋಗಿವೆ. ಡಚ್ ವರ್ತಕರು ಪೂರ್ವ ಕರಾವಳಿಯಲ್ಲಿ ಹಡಗಿಗೆ ಹಾಕಿ ನಾಗಸಾಕಿಗೆ ಒಯ್ದ ಕೆಲವು ಗಂಬಳಿಗಳನ್ನು ಜಪಾನಿನ ಕ್ಯೋಟೊ ನಗರದವರು ಮುನ್ನೂರು ವರ್ಷಗಳಿಂದ ಜೋಪಾನ ಮಾಡಿದ್ದಾರೆ. ಪ್ರತಿ ಜುಲೈ ತಿಂಗಳ ಗಿಯೋನ್ ಜಾತ್ರೆಯ ತೇರುಗಳಿಗೆ ಅಂಥ ಹಾಸುಗಳ ಅಲಂಕಾರವುಂಟು. ನಮ್ಮ ಕಡೆಯ ಮಗ್ಗದ ಕೆಲಸ ಪರದೇಶದ ತೇರು ಏರಿದೆ ಎಂದು ತಿಳಿದು ನಮಗೆ ಹಿಗ್ಗಾಯಿತು. ನಮ್ಮ ಮನೆಯವರು ಅಲ್ಲಿಯೂ, ‘ಹಿಂದ ನೋಡಲಿಕ್ಕ ಬಿಡಾಂಗಿಲ್ಲೇನು?’ ಎಂದು ಕಾವಲುಗಾರರನ್ನು ಕೇಳಿದರು. ಬಿಡಲಿಲ್ಲ, ಬಿಡಲೂಬಾರದು.

ಅಲ್ಲಿಂದ ಹುಬ್ಬಳ್ಳಿಯ ಬಸ್ಸು ಹಿಡಿದು ನವಲಗುಂದದಲ್ಲಿ ಇಳಿದೆವು. ೧೯೮೦ರ ರೈತ ಹೋರಾಟದಿಂದ ನಾಡಿಗೆಲ್ಲ ಹೆಸರಾದ ಊರು ಅದು. ವಿಜಯಪುರದ ಕಡೆಯ ನೇಕಾರ ಮನೆತನಗಳು ಆದಿಲಶಾಹಿಯ ಕಾಲದಲ್ಲಿ ಬಂದು ಇಲ್ಲಿ ನೆಲೆಸಿದವೆಂದು ಹೇಳುತ್ತಾರೆ. ಇಲ್ಲಿಯ ಜಮಖಾನೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅಂದರೆ ಬೇರೆ ಊರಿನ ಮಾಲಿಗೆ ಈ ಹೆಸರು ಹಚ್ಚಿ ಮಾರುವಂತಿಲ್ಲ. ಹೆಸರಿಗೆ ರಕ್ಷಣೆ ಬಂದಿದೆ. ನೇಯುವ ಮನೆಗಳು ಮಾತ್ರ ಕೆಲವೇ ಉಳಿದಿವೆ.

ನಾವು ಹೋದ ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ಗೋಡೆಗೆ ಎದುರಾಗಿ ನಿಲ್ಲಿಸಿದ ಮಗ್ಗದ ಮುಂದೆ ಕೂತಿದ್ದರು. ಇದು ಹೆಂಗಸರದೇ ಕಸುಬು. ಎದುರಿಗೆ ನಕ್ಷೆಯಿಲ್ಲ, ಚಿತ್ರವಿಲ್ಲ. ಬೆರಳಿನಿಂದ ಹಾಸಿನ ಎಳೆ ಎಣಿಸಿ, ಬಣ್ಣದ ನೂಲು ಹಾಯಿಸಿ, ಕಬ್ಬಿಣದ ಪಂಜದಿಂದ ಬಡಿಯುತ್ತಿದ್ದರು. ನವಿಲು ಅರ್ಧ ಆಗಿತ್ತು. ಪಕ್ಕದಲ್ಲಿ ಮುಗಿದ ಹಾಸೊಂದರಲ್ಲಿ ಪಗಡೆಯ ಪಟವನ್ನೇ ನೇಯ್ದಿದ್ದರು. ನಮ್ಮ ಮನೆಯವರ ಕೈ ತಾನಾಗಿಯೇ ಅದರ ಮೂಲೆ ಹಿಡಿದು ಮಗುಚಿತು. ಮಗುಚಿದರೆ ಮತ್ತೆ ಅದೇ ಪಗಡೆ, ಅದೇ ಬಣ್ಣ, ಅದೇ ಅಂಚು. ಅಜ್ಜಿ ನಕ್ಕರು.

‘ಇದಕ್ಕ ಹಿಂದ ಮುಂದ ಇಲ್ರೀ ಅಕ್ಕಾರ. ಒಂದ ಮಗ್ಗಲಾ ಹೊಲಸಾತಂದ್ರ ಇನ್ನೊಂದ ಮಗ್ಗಲಾ ಹಾಸೂದು.’

ಕೆಲಸ ಹೇಗೆ ಕಲಿತಿರೆಂದು ಕೇಳಿದೆವು. ಅತ್ತೆ ಕಲಿಸಿದ್ದಂತೆ. ಹಿಂದೆ ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ. ಅವರು ಕೊಟ್ಟ ಊರಿಗೆ ವಿದ್ಯೆಯನ್ನು ಒಯ್ಯುತ್ತಾರೆಂದು ಮನೆಗೆ ಬಂದ ಸೊಸೆಯರಿಗಷ್ಟೇ ಕಲಿಸುತ್ತಿದ್ದರು. ‘ಈಗ ಯಾರಿಗೆ ಕಲಿಸುತ್ತೀರಿ?’ ಎಂದರೆ, ‘ಈಗ ಮಗಳಿಗೂ ಕಲಸ್ತೀನಿ ಅಂತೀನ್ರೀ, ಕಲಿಯಾಕ ಒಬ್ರೂ ಕೂಡೂದಿಲ್ಲ’ ಎಂದರು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳಂತೆ. ಅದನ್ನು ಹೇಳುವಾಗ ಅಜ್ಜಿಯ ಮುಖದಲ್ಲಿ ದುಃಖವಿರಲಿಲ್ಲ, ಹೆಮ್ಮೆಯಿತ್ತು.

ಅವರು ಜಮಖಾನೆಯ ಬೆಲೆ ಹೇಳಿದರು, ಎಷ್ಟು ದಿನದ ಕೆಲಸವೆಂದೂ ಹೇಳಿದರು. ನಮ್ಮ ಗುಮಾಸ್ತಗಿರಿಯ ಬುದ್ಧಿ ಸುಮ್ಮನಿರದೆ ನೂಲಿನ ಖರ್ಚು ಕಳೆದು ದಿನಕ್ಕೆ ಭಾಗಿಸಿತು. ಹೊಲದ ಕೂಲಿಯಷ್ಟೂ ಬೀಳಲಿಲ್ಲ. ನಾವು ಬೆರಳು ಮಡಿಸುವುದನ್ನು ಅಜ್ಜಿ ಕಂಡರು.

‘ಲೆಕ್ಕಾ ಹಾಕಬ್ಯಾಡ್ರೀ ಸಾಹೇಬ್ರ. ನಾನೂ ಹಾಕಿಲ್ಲ. ಹಾಕಿದ್ರ ಮಗ್ಗ ಇಳಿಸಬೇಕಾಗ್ತೈತಿ.’

ಈ ಮಾತಿಗೆ ನಮ್ಮ ಇಪ್ಪತ್ತಮೂರು ಪುಸ್ತಕಗಳಲ್ಲಿ ಉತ್ತರವಿಲ್ಲ. ‘ಕಲೆ ಉಳಿಯಬೇಕು’ ಎಂದು ಸಭೆಗಳಲ್ಲಿ ಹೇಳುವುದು ಸುಲಭ. ಉಳಿಯಬೇಕಾದರೆ ಯಾರಾದರೂ ಮಗ್ಗದ ಮುಂದೆ ಕೂಡಬೇಕು. ನಮ್ಮ ಮಗಳು ಕೂಡಲೆಂದು ನಾವು ಬಯಸುತ್ತೇವೆಯೆ? ಇಲ್ಲ. ಅವಳು ಇಂಜಿನಿಯರಾಗಲೆಂದು ಟ್ಯೂಷನ್ ಹಚ್ಚಿದ್ದೇವೆ. ಹಾಗಿದ್ದ ಮೇಲೆ ಅಜ್ಜಿಯ ಮೊಮ್ಮಗಳು ನರ್ಸಿಂಗ್ ಬಿಟ್ಟು ನವಿಲು ನೇಯಲೆಂದು ಬಯಸುವ ಹಕ್ಕು ನಮಗೆಲ್ಲಿಯದು? ಆ ಹುಡುಗಿ ಸೂಜಿ ಹಿಡಿದು ಯಾರದೋ ಪ್ರಾಣ ಉಳಿಸಿಯಾಳು. ಅದೂ ಕೈಯ ಕೆಲಸವೇ. ಆದರೆ ಅವಳು ಬಿಟ್ಟುಹೋಗುವ ಮಗ್ಗ ಬರಿದಾಗುತ್ತದೆ ಎಂಬುದೂ ಸುಳ್ಳಲ್ಲ. ಈ ಎರಡು ಮಾತುಗಳೂ ನಿಜ. ಒಂದು ಜಮಖಾನೆಯ ಎರಡು ಮಗ್ಗುಲಿನಂತೆ, ಯಾವುದನ್ನು ಮೇಲೆ ಹಾಸಿದರೂ ಇನ್ನೊಂದು ಕೆಳಗೆ ಇದ್ದೇ ಇರುತ್ತದೆ.

ನಮ್ಮಂಥವರ ಕೈಯಲ್ಲಿ ಆಗುವುದು ಸ್ವಲ್ಪವೇ. ಹೇಳಿದ ಬೆಲೆಗೆ ಚೌಕಾಶಿ ಮಾಡದಿರುವುದು ಒಂದು. ಸಾಲದ್ದಕ್ಕೆ ನಮ್ಮ ಮನೆಯವರು ಇನ್ನೊಂದನ್ನು ತಮ್ಮ ತಂಗಿಯ ಮನೆಗೆಂದು ಹೇಳಿ, ಅರ್ಧ ಹಣ ಮುಂಗಡ ಕೊಟ್ಟರು. ಹೊರಡುವಾಗ ಅಜ್ಜಿಯ ಹೆಸರನ್ನೂ, ನೇಯ್ಗೆ ಕಲಿಸಿದ ಅವರ ಅತ್ತೆಯ ಹೆಸರನ್ನೂ ನಮ್ಮ ಡೈರಿಯಲ್ಲಿ ಬರೆದುಕೊಂಡೆವು. ‘ಹೆಸರ್ಯಾಕ್ರೀ?’ ಎಂದು ಅವರು ಸಂಕೋಚಪಟ್ಟರು. ಹೋಲ್ಬೈನನ ಹೆಸರು ಉಳಿದು, ನೇಯ್ದವಳ ಹೆಸರು ಅಳಿದುಹೋದ ಕಥೆಯನ್ನು ನಮ್ಮ ಮನೆಯವರು ತಮ್ಮ ಮಾತಿನಲ್ಲಿ ಹೇಳಿದರು. ಅಜ್ಜಿ ಕೇಳಿ, ‘ಅಂವಾ ನೇಯ್ದಾನೇನು? ಬರೇ ಬರದಾನ’ ಎಂದರು. ಯುರೋಪಿನ ಪಂಡಿತರಿಗೆ ನೂರು ವರ್ಷದಲ್ಲಿ ಹೊಳೆಯದ ಟೀಕೆ.

ಈಗ ಆ ಜಮಖಾನೆ ನಮ್ಮ ಕ್ವಾರ್ಟರ್ಸಿನ ನಡುಮನೆಯಲ್ಲಿದೆ. ಗುಡ್ಡದ ಆಚೆ ತೋಪಖಾನೆಯ ತರಬೇತಿ ನಡೆದಾಗ ಕಿಟಕಿಯ ಗಾಜು ಅದುರುತ್ತದೆ, ನವಿಲುಗಳು ಅದುರುವುದಿಲ್ಲ. ಪುಸ್ತಕ ಕೊಳ್ಳುವುದನ್ನು ನಾವು ನಿಲ್ಲಿಸಿಲ್ಲ; ಚಿತ್ರ ನೋಡಿದ ಕಣ್ಣಿಗೇ ವಸ್ತುವಿನ ಮೂಲೆ ಹಿಡಿದು ಮಗುಚಬೇಕೆಂಬ ಆಸೆ ಹುಟ್ಟುವುದು. ಇಪ್ಪತ್ತನಾಲ್ಕನೆಯ ಪುಸ್ತಕವೂ ಬಂದಿದೆ. ಅದರ ಕೊನೆಯ ಖಾಲಿ ಹಾಳೆಯಲ್ಲಿ ಹಾಲಿಯವರ ನಮೂನೆಯಂತೆಯೇ ನವಲಗುಂದದ ಪಟ್ಟಿ ಬರೆದಿದ್ದೇವೆ: ಹಾಸು ಹತ್ತಿ, ಹೊಕ್ಕು ಹತ್ತಿ, ಗಂಟು ಇಲ್ಲ, ಹಿಂಬದಿ ಇಲ್ಲ. ನೇಯ್ದವರು ಎಂಬ ಹೊಸ ಅಂಕಣವೊಂದನ್ನು ಸೇರಿಸಿ, ಅಜ್ಜಿಯ ಹೆಸರು ತುಂಬಿದ್ದೇವೆ.

ನಮ್ಮ ಸಂಘದ ಬಾಂಧವರಲ್ಲಿ ಒಂದು ಬಿನ್ನಹ. ನಾವೆಲ್ಲ ಊರು ಬಿಟ್ಟು ಬರುವಾಗ ಟ್ರಂಕಿನ ತಳದಲ್ಲಿ ಏನಾದರೊಂದನ್ನು ತಂದಿರುತ್ತೇವೆ: ಅಜ್ಜಿಯ ಕಸೂತಿಯ ಕುಬುಸ, ಚಳ್ಳಕೆರೆಯ ಕಂಬಳಿ, ನವಲಗುಂದದ ಜಮಖಾನೆ. ಈ ಭಾನುವಾರ ಅದನ್ನು ತೆಗೆದು ಬಿಸಿಲಿಗೆ ಹಾಕಿರಿ. ಯಾವ ಊರಿನದು, ಯಾವ ವರ್ಷದ್ದು, ಯಾರ ಕೈಯದು ಎಂದು ಮನೆಯ ಹಿರಿಯರನ್ನು, ಅವರು ಇರುವಾಗಲೇ, ಕೇಳಿ ತಿಳಿಯಿರಿ. ಅದನ್ನು ಒಂದು ಬಟ್ಟೆಯ ತುಂಡಿನ ಮೇಲೆ ಬರೆದು ಹಿಂಬದಿಗೆ ಹೊಲಿದುಬಿಡಿ. ಜಮಖಾನೆಯಾಗಿದ್ದು, ಹಿಂಬದಿ ಯಾವುದೆಂದು ತೋಚದಿದ್ದರೆ, ಯಾವ ಬದಿಗೆ ಹೊಲಿದರೂ ಆದೀತು.